ಡಿಕಾಕ್ಷನ್ ಬಣ್ಣದ ಮೂತ್ರ, ತಿಳಿ ಹಳದಿ ಸೀರಮ್

ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್. ತೋಟದ ಕೆಲಸಕ್ಕೆ ಹೋಗಿ ಹೆಜ್ಜೇನು ಕಚ್ಚಿಸಿಕೊಂಡವರು ನಮ್ಮಲ್ಲಿಗೆ ಬರುತ್ತಿರುತ್ತಾರೆ. ಒಂದೆರಡು ಕಚ್ಚಿದರೆ ಊತ, ಉರಿ, ಅಷ್ಟೇ. ನೂರಾರು ಕಚ್ಚಿದರೆ ಆ ವಿಷ ಮಾಂಸಖಂಡವನ್ನೇ ಒಡೆದುಬಿಡಬಹುದು.

ಅಂಥ ಒಬ್ಬರನ್ನು ಒಂದು ಸಂಜೆ ಬೇರೆ ಕಡೆಯಿಂದ ಕಳಿಸಿದ್ದರು. ಕಚ್ಚಿ ಎರಡು ದಿನ ಆಗಿತ್ತು. ಚೀಟಿಯಲ್ಲಿ ‘ಲಿವರ್ ತೊಂದರೆ’ ಎಂದಿತ್ತು. ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಎಂಬ ಕಿಣ್ವ 1,240ಕ್ಕೆ ಏರಿದ್ದೇ ಕಾರಣ. ಆದರೆ ಹೆಚ್ಚಾಗಿ ಲಿವರಿನಲ್ಲೇ ಇರುವ ಎಸ್‌ಜಿಪಿಟಿ 310 ಮಾತ್ರ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಸರಿಯಾಗೇ ಇತ್ತು. ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ 2.1. ಎಸ್‌ಜಿಒಟಿ ಅಂದ ಕೂಡಲೇ ಎಲ್ಲರಿಗೂ ಲಿವರ್ ನೆನಪಾಗುತ್ತದೆ. ಆ ಕಿಣ್ವ ಮಾಂಸಖಂಡದಲ್ಲೂ ಇದೆ, ಅಲ್ವಾ?

ಮೂತ್ರದ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಗಟ್ಟಿ ಡಿಕಾಕ್ಷನ್ ಬಣ್ಣ. ಸ್ಟ್ರಿಪ್ ಅದ್ದಿದರೆ ರಕ್ತ ಮೂರು ಪ್ಲಸ್. ಮೈಕ್ರೋಸ್ಕೋಪಿನಲ್ಲಿ ಹುಡುಕಿದರೆ ಕೆಂಪು ಕಣ ಒಂದೋ ಎರಡೋ. ರಕ್ತಕಣ ಒಡೆದಿದ್ದರೆ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಕೆಂಪಗಿರಬೇಕಿತ್ತು. ಅದು ತಿಳಿ ಹಳದಿ ಇತ್ತು. ಹಾಗಾದರೆ ಮೂತ್ರದಲ್ಲಿ ಇಳಿಯುತ್ತಿದ್ದದ್ದು ಮಾಂಸಖಂಡದ ಕೆಂಪು ಪ್ರೋಟೀನ್ ಮಯೋಗ್ಲೋಬಿನ್; ಸ್ಟ್ರಿಪ್ ಅದನ್ನೂ ರಕ್ತ ಎಂದೇ ತೋರಿಸುತ್ತದೆ. ಕಿಡ್ನಿಯ ಸಣ್ಣ ನಳಿಕೆಗಳನ್ನು ಹಾಳು ಮಾಡುವುದು ಅದೇ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ‘ಸಿಪಿಕೆ ಹಾಕಲಾ ಸರ್?’ ಎಂದು ಕೇಳಿದೆ. ಮಾಂಸಖಂಡ ಒಡೆದಾಗ ರಕ್ತಕ್ಕೆ ಸೇರುವ ಕಿಣ್ವ ಅದು. ಮಷೀನ್ ಅಳತೆ ಮೀರಿದೆ ಎಂದಿತು. ಇಂಥ ಕಡೆ ‘ಜಾಸ್ತಿ ಇದೆ’ ಎಂದು ಬರೆದು ಕಳಿಸಿದರೆ ಸಾಲದು. ನಾಳೆ ಅದು ಏರಿತೋ ಇಳಿಯಿತೋ ಹೇಳಲು ಇವತ್ತಿನ ಅಂಕಿ ಬೇಕು. ಸಲೈನ್ ಬೆರೆಸಿ ಹತ್ತು ಪಟ್ಟು ತೆಳು ಮಾಡಿದೆ. ಆಗಲೂ ಮೀರಿತು. ಐವತ್ತು ಪಟ್ಟು ಮಾಡಿದಾಗ 760 ಬಂತು. ಗುಣಿಸಿದರೆ 38,000. ಆರೋಗ್ಯವಂತರಲ್ಲಿ ಇದು ಸುಮಾರು 200ರ ಒಳಗಿರುತ್ತದೆ.

ಪೊಟ್ಯಾಶಿಯಮ್ ಕೂಡ ಏರುತ್ತಿತ್ತು. ಅದನ್ನು ಪ್ರಿಂಟ್ ಬರುವವರೆಗೆ ಕಾಯದೆ ಫೋನಿನಲ್ಲೇ ಹೇಳುತ್ತಿದ್ದೆ. ಹೃದಯ ನಿಲ್ಲಿಸುವುದು ಅದೇ. ಮೂತ್ರ ಕಡಿಮೆಯಾಗುತ್ತಾ ಹೋಗಿ, ಮರುದಿನ ಡಯಾಲಿಸಿಸ್ ಶುರು ಮಾಡಿದರು.

ಆಮೇಲೆ ಸಿಪಿಕೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಇಳಿಯಿತು. ಕ್ರಿಯಾಟಿನಿನ್ ಮಾತ್ರ 7ಕ್ಕೆ ಹೋಯಿತು. ‘ಒಂದು ಇಳಿದರೆ ಇನ್ನೊಂದು ಯಾಕೆ ಏರ್ತಿದೆ?’ ಎಂದು ಅವರ ಹೆಂಡತಿ ರಿಪೋರ್ಟ್ ಹಿಡಿದು ಕೇಳಿದರು. ಮಾಂಸಖಂಡ ಒಡೆಯೋದು ನಿಂತಿದೆ, ಪೆಟ್ಟು ತಿಂದ ಕಿಡ್ನಿಗೆ ಇನ್ನೂ ದಿನ ಬೇಕು ಎಂದೆ. ಐದನೇ ದಿನ, ಮೇದೋಜೀರಕ ಗ್ರಂಥಿ ಊದಿಕೊಂಡಾಗ ಏರುವ ಅಮೈಲೇಸ್ ಎಂಬ ಕಿಣ್ವ 210 ಬಂದಾಗಲೂ ಗಾಬರಿಯಾಯಿತು. ಆದರೆ ಆ ಕಾಯಿಲೆಯ ಹೊಟ್ಟೆನೋವು ಇರಲಿಲ್ಲ. ಆ ಕಿಣ್ವವನ್ನು ಹೊರಹಾಕುವುದರಲ್ಲಿ ಕಿಡ್ನಿಯ ಪಾಲೂ ಇದೆ. ಕಿಡ್ನಿ ಕೂತಾಗ ಅದು ರಕ್ತದಲ್ಲಿ ಸ್ವಲ್ಪ ಉಳಿದುಕೊಳ್ಳುತ್ತದೆ. ಡಾಕ್ಟರೂ ಹಾಗೇ ಎಂದು ಕಾದು ನೋಡಿದರು.

ಹನ್ನೊಂದನೇ ದಿನ ಬೆಳಿಗ್ಗೆ ವಾರ್ಡಿನಿಂದ ಬಾಟಲಿ ತುಂಬಾ ಮೂತ್ರ ಬಂತು. ಮತ್ತೆ ಟ್ಯೂಬ್‌ಲೈಟಿಗೆ ಹಿಡಿದೆ. ಒಣಹುಲ್ಲಿನ ಬಣ್ಣ. ಕ್ರಿಯಾಟಿನಿನ್ ಇನ್ನೂ 4 ಇತ್ತು. ಆದರೂ ಬಾಟಲಿ ಕೆಳಗಿಡದೆ ವಾರ್ಡಿಗೆ ಫೋನ್ ಮಾಡಿದೆ.