ಮರೆಯಲಾಗದ ವಿಲನ್ ಬೇಕೇ? ಮೊದಲು ಒಂದು ಕತ್ತೆ ಕದಿಯಿರಿ

ನಾನು ಹುಟ್ಟಿಸಿದ ಮೊದಲ ವಿಲನ್ ಹೆಸರು ಕಾಳದಂಷ್ಟ್ರ. ಅವನ ಪೂರ್ವಕಥೆಯೇ ಹದಿನಾಲ್ಕು ಪುಟ ಇತ್ತು. ಮೂರು ಜನ್ಮ, ಎರಡು ಶಾಪ, ಬೆಂಕಿ ಉಗುಳುವ ಬೆಟ್ಟದೊಳಗೆ ಅರಮನೆ. ಶನಿವಾರ ರಾತ್ರಿ ಒಂಬತ್ತೂವರೆಗೆ ನಾವು ಐದು ಜನ ಡಿಸ್ಕಾರ್ಡ್ ಅನ್ನುವ ಚಾಟ್ ಆಪ್‌ನಲ್ಲಿ ಸೇರಿ ರೋಲ್ ಪ್ಲೇಯಿಂಗ್ ಗೇಮ್ ಆಡುತ್ತೇವೆ: ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತಾರೆ, ಏಟು ಬಿತ್ತೋ ಇಲ್ಲವೋ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ನಾಲ್ವರು ಆಡುವವರು. ಕಥೆ ನಡೆಸುವವನು, ಅಂದರೆ ಡಿಎಂ, ನಾನು. ಆಟ ಶುರುವಾಗಿ ಆರು ತಿಂಗಳಾದ ಮೇಲೆ ಒಂದು ದಿನ ಸುಮ್ನೆ ಕೇಳಿದೆ: "ಇಲ್ಲೀವರೆಗೆ ನಿಮಗೆ ಯಾರ ಮೇಲೆ ಜಾಸ್ತಿ ಸಿಟ್ಟು?"

ಕಾಳದಂಷ್ಟ್ರನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. "ಆ ಸುಂಕದ ಕಟ್ಟೆಯವನು. ನಮ್ಮ ಕತ್ತೆ ಕಿತ್ಕೊಂಡನಲ್ಲ, ಅವನು" ಅಂದರು ನಾಲ್ವರೂ.

ಆ ಮನುಷ್ಯನನ್ನು ನಾನು ಎರಡು ನಿಮಿಷದಲ್ಲಿ ಕಟ್ಟಿದ್ದೆ. ಹೆಸರೂ ಇಟ್ಟಿರಲಿಲ್ಲ. ಸೇತುವೆ ದಾಟಲು ಸುಂಕ ಕೊಡಬೇಕಿತ್ತು, ಇವರ ಹತ್ತಿರ ದುಡ್ಡಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತೆ ಅಂತ ನಮ್ಮ ಗಾದೆಯೇ ಹೇಳುತ್ತಲ್ಲ. ಆದರೂ ಹೇಳಿಕೊಂಡರು. ಅವನು ಪೂರ್ತಿ ಕೇಳಿಸಿಕೊಂಡ. ಮಜ್ಜಿಗೆ ಕೊಟ್ಟ. ಆಮೇಲೆ ಸಾಮಾನು ಹೊರುವ ಕತ್ತೆ ಗುಂಡನನ್ನು ಅಡ ಇಟ್ಟುಕೊಂಡು, ರಸೀತಿ ಬರೆದು ಕೊಟ್ಟ. ಮೂರು ದಿನ ಬಿಟ್ಟು ದುಡ್ಡು ಹೊಂದಿಸಿಕೊಂಡು ಬಂದರೆ ಗುಂಡ ಇಲ್ಲ, ಮಾರಾಟವಾಗಿದ್ದ. "ರಸೀತಿ ಹಿಂದೆ ಓದಿ ಸ್ವಾಮಿ. ಎರಡೇ ದಿನ ಅಂತ ಬರೆದಿದೆ."

ಕಾಳದಂಷ್ಟ್ರನನ್ನು ಅವತ್ತೇ ಕೈಬಿಟ್ಟೆ. ಸುಂಕದವನಿಗೆ ಶೇಷಪ್ಪ ಅಂತ ಹೆಸರಿಟ್ಟೆ. ಆಮೇಲೆ ಎಂಟು ತಿಂಗಳು ನಮ್ಮ ಕಥೆ ಅವನ ಸುತ್ತಲೇ ನಡೆಯಿತು. ನೀವೂ ಸ್ನೇಹಿತರ ಗುಂಪಿಗೆ ಆಟ ನಡೆಸುವವರಾದರೆ, ಅವನಿಂದ ಮತ್ತು ದೊಡ್ಡ ಆನ್‌ಲೈನ್ ಗೇಮ್‌ಗಳ ವಿಲನ್‌ಗಳಿಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಅವನಿಗೆ ಏನು ಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

"ಲೋಕ ನಾಶ ಮಾಡಬೇಕು" ಅಂತ ಬರೆದಿದ್ದರೆ ಹೊಡೆದುಹಾಕಿ. ಯಾಕೆ ನಾಶ ಮಾಡಬೇಕು, ಮಾಡಿ ಅವನಿಗೇನು ಸಿಗುತ್ತೆ? ಇದಕ್ಕೆ ಉತ್ತರ ಇರಬೇಕು, ಆ ಉತ್ತರ ಕೇಳಿದವರಿಗೆ ಒಂದು ಗಳಿಗೆ "ಹೌದಲ್ವಾ" ಅನ್ನಿಸಬೇಕು.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ಗೇಮ್‌ನ ಎಮೆಟ್ ಸೆಲ್ಕ್. 2019ರ ಜುಲೈನಲ್ಲಿ ಬಂದ ಶ್ಯಾಡೋಬ್ರಿಂಗರ್ಸ್ ಭಾಗದಲ್ಲಿ ಇವನು ನಮ್ಮ ಶತ್ರು. ಆದರೆ ಕಥೆಯ ಬಹುಪಾಲು ನಮ್ಮ ಜೊತೆಗೇ ಓಡಾಡುತ್ತಾನೆ. ಬೆನ್ನು ಬಗ್ಗಿಸಿಕೊಂಡು ನಡೆಯುತ್ತಾನೆ, ಎಲ್ಲದಕ್ಕೂ ನಿಟ್ಟುಸಿರು ಬಿಡುತ್ತಾನೆ, ಸಮಯ ಸಿಕ್ಕರೆ ನಿದ್ದೆ ಮಾಡುತ್ತಾನೆ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆ ಉತ್ತರ ಕೊಡುತ್ತಾನೆ. ಅವನ ಜನ, ಅವನ ಲೋಕ ಎಷ್ಟೋ ಕಾಲದ ಹಿಂದೆ ಚೂರುಚೂರಾಗಿದೆ. ಆ ಚೂರುಗಳನ್ನು ಮತ್ತೆ ಒಂದು ಮಾಡಬೇಕು, ಹೋದವರನ್ನು ವಾಪಸ್ ತರಬೇಕು. ಅಷ್ಟೇ ಅವನಿಗೆ ಬೇಕಾದದ್ದು. ಅದಕ್ಕೆ ಈಗ ಬದುಕಿರುವವರೆಲ್ಲ ಸಾಯಬೇಕಾಗುತ್ತದೆ, ಅದೇ ಕಷ್ಟ.

ಅವನು ಸಮುದ್ರದ ತಳದಲ್ಲಿ ತನ್ನ ಕಳೆದುಹೋದ ಊರನ್ನು ಮಾಯೆಯಿಂದ ಮತ್ತೆ ಕಟ್ಟಿಟ್ಟುಕೊಂಡಿದ್ದಾನೆ. ಬೀದಿ, ಕಚೇರಿ, ನಡೆದಾಡುವ ಜನರ ನೆರಳು, ಎಲ್ಲ ಇದೆ. ಅಲ್ಲಿ ಹೋಗಿ ನಿಂತಾಗ ಇವನನ್ನು ಹೊಡೆಯಬೇಕೋ ಸಮಾಧಾನ ಮಾಡಬೇಕೋ ತಿಳಿಯದು. ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ಸಾಯುವಾಗ ಅವನು ಕೇಳುವುದು ಒಂದೇ: ನಾವೂ ಬದುಕಿದ್ದೆವು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಶೇಷಪ್ಪನಿಗೆ ಇಷ್ಟೆಲ್ಲ ದೊಡ್ಡ ದುಃಖ ಇರಲಿಲ್ಲ. ಅವನ ಸಾಲು ಹೀಗಿತ್ತು: "ನಮ್ಮಪ್ಪ ಲೆಕ್ಕ ತಪ್ಪಿ ಜೈಲು ಸೇರಿದ. ನನ್ನ ಲೆಕ್ಕದಲ್ಲಿ ಒಂದು ಕಾಸೂ ತಪ್ಪಕೂಡದು." ಎಂಟು ತಿಂಗಳ ಆಟಕ್ಕೆ ಇದೊಂದು ಸಾಲು ಸಾಕಾಯಿತು.

ಹೆಜ್ಜೆ 2: ಕೊನೆಗೆ ತೋರಿಸೋಣ ಅಂತ ಬಚ್ಚಿಡಬೇಡಿ

ಹೊಸ ಡಿಎಂಗಳು ಮಾಡುವ ತಪ್ಪು ಇದು, ನಾನೂ ಮಾಡಿದ್ದೆ. ವಿಲನ್‌ನನ್ನು ಬೆಟ್ಟದ ತುದಿಯ ಕೋಟೆಯಲ್ಲಿ ಕೂರಿಸಿಬಿಡುತ್ತೇವೆ. ಆಟಗಾರರು ಅವನ ಮುಖ ನೋಡುವುದು ಕೊನೇ ದಿನ. ಅಪರಿಚಿತನನ್ನು ಕೊಂದು ಮನೆಗೆ ಹೋಗುತ್ತಾರೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ ಆಡಿದವರಿಗೆ ಸತ್ತವರ ಸೈನ್ಯದ ದೊರೆ ಲಿಚ್ ಕಿಂಗ್ ಯಾಕೆ ಇವತ್ತಿಗೂ ನೆನಪಿದ್ದಾನೆ? 2008ರ ನವೆಂಬರ್‌ನಲ್ಲಿ ಅವನ ಹೆಸರಿನ ಭಾಗ ಬಂದಾಗ ಕಂಪನಿ ಅವನನ್ನು ಸಿಂಹಾಸನದ ಮೇಲೆ ಕೂರಿಸಿ ಸುಮ್ಮನಾಗಲಿಲ್ಲ. ಅವನ ಕೋಟೆ ತೆರೆದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಲೆವೆಲ್ ಏರಿಸಿಕೊಳ್ಳುತ್ತಾ ಊರೂರು ಸುತ್ತುವಾಗಲೇ ಅವನು ಅಲ್ಲಲ್ಲಿ ಎದುರಾಗುತ್ತಿದ್ದ. ಜುಲ್‌ಡ್ರಾಕ್ ಅನ್ನುವ ಸೀಮೆಯಲ್ಲಿ ನಾವು ಅವನ ಬಂಟನೊಬ್ಬನ ಹತ್ತಿರ ವೇಷ ಮರೆಸಿಕೊಂಡು ಕೆಲಸಕ್ಕೆ ಸೇರುತ್ತೇವೆ. ಗುಟ್ಟು ರಟ್ಟಾದಾಗ ಲಿಚ್ ಕಿಂಗ್ ತಾನೇ ಬರುತ್ತಾನೆ. ಬಂದು ಶಿಕ್ಷೆ ಕೊಡುವುದು ಆ ಬಂಟನಿಗೆ. ನಮ್ಮನ್ನು ಮುಟ್ಟದೆ ಬಿಟ್ಟು ಹೋಗುತ್ತಾನೆ. ಆ ಬಿಟ್ಟು ಹೋಗುವುದಿದೆಯಲ್ಲ, ಹೊಡೆತಕ್ಕಿಂತ ಜಾಸ್ತಿ ಉರಿಯುತ್ತದೆ.

ಇನ್ನೊಂದು ಕಡೆ, ಅದೇ ಗೇಮ್‌ನಲ್ಲಿ 2020ರಲ್ಲಿ ಜೈಲರ್ ಅನ್ನುವವನು ಬಂದ. ಲಿಚ್ ಕಿಂಗ್ ಕಥೆಯ ಹಿಂದೆಯೂ ಇದ್ದವನು ತಾನೇ ಅಂತ ಆಮೇಲೆ ಗೊತ್ತಾಗುತ್ತದೆ. ಬಹಳ ಆಟಗಾರರಿಗೆ ಅವನು ಹಿಡಿಸಲಿಲ್ಲ. ನನಗೂ ಅಷ್ಟೆ. ನಾನು ಯಾವತ್ತೂ ನೋಡಿರದವನು ಬಂದು "ಎಲ್ಲ ಮಾಡಿಸಿದ್ದು ನಾನೇ" ಅಂದರೆ, ಇರಬಹುದಪ್ಪ ಅನ್ನಿಸುತ್ತೆ, ಅಷ್ಟೆ.

ಹಾಗಂತ ಪ್ರತಿ ವಾರ ಕರೆತಂದರೂ ಸಲುಗೆಯಾಗಿಬಿಡುತ್ತದೆ. ನನ್ನ ಲೆಕ್ಕ ಹೀಗೆ: ಮೂರು ಸೆಷನ್‌ಗೆ ಒಮ್ಮೆ ಅವನೇ ಬರಲಿ, ನಡುವಿನ ಎರಡರಲ್ಲಿ ಅವನ ಗುರುತು ಮಾತ್ರ ಸಿಗಲಿ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ ಕಾಣುವ ಮೊದಲೇ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿರುತ್ತಾರೆ.

ಹೆಜ್ಜೆ 3: ಆಟಗಾರರದ್ದೇ ಏನನ್ನಾದರೂ ಮುಟ್ಟಲಿ

ಕತ್ತೆಯ ಗುಟ್ಟು ಇದೇ. ಕಾಳದಂಷ್ಟ್ರ ಮೂರು ರಾಜ್ಯ ಸುಟ್ಟಿದ್ದ. ಆ ರಾಜ್ಯಗಳನ್ನು ನಮ್ಮ ಆಟಗಾರರು ನೋಡಿರಲೇ ಇಲ್ಲ. ಗುಂಡನನ್ನು ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡು, ಹೆಸರಿಟ್ಟು, ಒಂದು ಸಲ ಹೊಳೆಯಲ್ಲಿ ತೇಲಿಹೋಗುತ್ತಿದ್ದಾಗ ಎಳೆದು ಬದುಕಿಸಿದ್ದರು.

2018ರಲ್ಲಿ ವಾರ್‌ಕ್ರಾಫ್ಟ್‌ನವರು ಟೆಲ್ಡ್ರಾಸಿಲ್ ಅನ್ನುವ ಮಹಾವೃಕ್ಷಕ್ಕೆ ಬೆಂಕಿ ಇಡಿಸಿದರು. ಇಡಿಸಿದವಳು ಸಿಲ್ವಾನಸ್, ಎದುರು ಪಾಳೆಯದ ನಾಯಕಿ. 2004ರಿಂದ ಎಷ್ಟೋ ಜನ ನೈಟ್ ಎಲ್ಫ್ ಅನ್ನುವ ಜನಾಂಗದ ಪಾತ್ರವಾಗಿ ಆಟ ಶುರು ಮಾಡಿದ್ದು ಅದೇ ಮರದ ಮೇಲೆ. ಮೊದಲ ಲೆವೆಲ್, ಮೊದಲ ಕತ್ತಿ, ಮೊದಲ ಸಾವು, ಎಲ್ಲ ಅಲ್ಲೇ. ಉರಿಯುವಾಗ ಆಟಗಾರರಿಗೆ ಒಂದು ಕೆಲಸ ಕೊಟ್ಟರು: ಊರಿನವರನ್ನು ಪಾರು ಮಾಡಿ. ಪರದೆಯ ಮೇಲೆ ಲೆಕ್ಕ ತೋರಿಸುತ್ತಿತ್ತು, ಪಾರು ಮಾಡಬೇಕಾದವರು 982. ಸಿಕ್ಕಿದ್ದು ಕೆಲವೇ ನಿಮಿಷ. ಎಷ್ಟು ಓಡಿದರೂ ಆ ಲೆಕ್ಕ ತುಂಬುತ್ತಿರಲಿಲ್ಲ, ತುಂಬಬಾರದು ಅಂತಲೇ ಮಾಡಿಟ್ಟದ್ದು. "ಸಾವಿರಾರು ಜನ ಸತ್ತರು" ಅನ್ನುವ ಸಾಲನ್ನು ಓದಿ ಮರೆಯಬಹುದು. ಹೊಗೆಯಲ್ಲಿ ತಾನೇ ಓಡಿದವನು ಮರೆಯುವುದು ಕಷ್ಟ.

ಕೆಲವು ಸಲ ತಮಾಷೆಯೂ ಆಗುತ್ತದೆ. 2010ರಲ್ಲಿ ಅದೇ ಗೇಮ್‌ನಲ್ಲಿ ಡೆತ್‌ವಿಂಗ್ ಅನ್ನುವ ಡ್ರ್ಯಾಗನ್ ಹೇಳದೆ ಕೇಳದೆ ಯಾವುದೋ ಸೀಮೆಯ ಮೇಲೆ ಹಾರಿ ಹೋಗುತ್ತಿತ್ತು, ಕೆಳಗಿದ್ದವರೆಲ್ಲ ಬೂದಿ. ಮೀನು ಹಿಡಿಯುತ್ತಾ ಕೂತವನೂ ಬೂದಿ. ಹಾಗೆ ಸತ್ತವರಿಗೆ ಒಂದು ಅಚೀವ್‌ಮೆಂಟ್, ಅಂದರೆ ಸಾಧನೆಯ ಗುರುತು, ಬೇರೆ ಸಿಗುತ್ತಿತ್ತು. ಆ ಗುರುತಿಗಾಗಿ ಬೆಂಕಿ ಹುಡುಕಿಕೊಂಡು ಅಲೆದವರೂ ಇದ್ದರು.

ಹಾಗಾಗಿ ನಿಮ್ಮ ಆಟಗಾರರು ಯಾವುದಕ್ಕೆ ಹೆಸರಿಡುತ್ತಾರೆ ಅಂತ ಗಮನಿಸಿ. ನಾಯಿಗೆ, ದೋಣಿಗೆ, ಮುರಿದ ಕೊಡಲಿಗೆ. ಹೆಸರಿಟ್ಟದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ವಿಲನ್ ಕೈ ಹಾಕಬೇಕಾದದ್ದು ಅಲ್ಲಿಗೆ.

ಆದರೆ ಆಟಗಾರರನ್ನು ಕೇಳದೆ ಎಲ್ಲದಕ್ಕೂ ಕೈ ಹಾಕಬೇಡಿ. ಮೊದಲ ದಿನವೇ ಕೂತು ಯಾವ ವಿಷಯ ಆಟದಲ್ಲಿ ಬರಬಾರದು ಅಂತ ಮಾತಾಡಿಕೊಳ್ಳಿ. ನಮ್ಮಲ್ಲಿ ಒಬ್ಬರು ಮಗುವಿಗೆ ಕೆಡುಕಾಗುವ ದೃಶ್ಯ ಬೇಡ ಅಂದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಡುವೆ ಯಾರಿಗಾದರೂ ಕಸಿವಿಸಿ ಆದರೆ ಚಾಟ್‌ನಲ್ಲಿ ಎಕ್ಸ್ ಅಂತ ಒಂದಕ್ಷರ ಹಾಕಿದರೆ ಸಾಕು, ಆ ದೃಶ್ಯ ಅಲ್ಲಿಗೇ ನಿಲ್ಲುತ್ತದೆ. ಮೇಜಿನ ಸುತ್ತ ಕೂತು ಆಡುವಾಗ ಮುಖ ಕಾಣುತ್ತೆ. ಆನ್‌ಲೈನ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವರ ಮುಖ ಹೇಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ.

ಹೆಜ್ಜೆ 4: ಮಾತು, ಅದರಲ್ಲೂ ಏಕವಚನ ಬಹುವಚನ

ಕನ್ನಡದಲ್ಲಿ ಆಡುವವರಿಗೆ ಇರುವ ಒಂದು ದೊಡ್ಡ ಅನುಕೂಲವನ್ನು ನಾವೇ ಬಳಸಿಕೊಳ್ಳುವುದಿಲ್ಲ. ಕಾಳದಂಷ್ಟ್ರ ಬಾಯಿಬಿಟ್ಟರೆ ಹೀಗೆ ಮಾತಾಡುತ್ತಿದ್ದ: "ಎಲವೋ ಮೂಢರಿರಾ! ನನ್ನ ಕೋಪಾಗ್ನಿಯಲ್ಲಿ ಭಸ್ಮವಾಗಿರಿ!" ರಂಗದ ಮೇಲೆ ಚೆಂಡೆಯ ಜೊತೆ ಇದು ಮೈ ನಡುಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಚಾಟ್‌ನಲ್ಲಿ ಟೈಪ್ ಮಾಡಿದರೆ ಎಲ್ಲರೂ ನಗುವ ಎಮೋಜಿ ಹಾಕುತ್ತಾರೆ.

ಶೇಷಪ್ಪ ಮಾತಾಡುತ್ತಿದ್ದದ್ದು ಹೀಗೆ: "ಬನ್ನಿ, ಊಟ ಆಯ್ತಾ? ಕೂತ್ಕೊಳ್ಳಿ. ನಿಮ್ಮ ತಂಗಿ ಚೆನ್ನಾಗಿದ್ದಾರೆ. ನಿನ್ನೆ ಆ ಕಡೆ ಹೋಗಿದ್ದೆ, ನೋಡಿದೆ."

ಬೈದಿಲ್ಲ, ಬೆದರಿಸಿಲ್ಲ. ಆದರೆ ಆ ತಂಗಿಯ ಅಣ್ಣನಾಗಿ ಆಡುತ್ತಿದ್ದವರು ತಕ್ಷಣ "ನಾನು ಈಗಲೇ ಊರಿಗೆ ಹೊರಟೆ" ಅಂತ ಟೈಪ್ ಮಾಡಿದರು. ಎಂಟು ಸೆಷನ್ ಶೇಷಪ್ಪ ಎಲ್ಲರನ್ನೂ "ನೀವು" "ಸ್ವಾಮಿ" ಅಂದ. ಒಂಬತ್ತನೆಯದರಲ್ಲಿ ಅವನ ಲೆಕ್ಕದ ಪುಸ್ತಕಕ್ಕೆ ಒಬ್ಬರು ಕೈ ಹಾಕಿದಾಗ, ದನಿ ಏರಿಸದೆ, "ಅದನ್ನ ಕೆಳಗಿಡು" ಅಂದ. ಬರೀ "ಇಡು". ಯಾರೋ ಉಸಿರು ಎಳೆದುಕೊಂಡದ್ದು ಮೈಕ್‌ನಲ್ಲಿ ಕೇಳಿಸಿತು. ಆ ಒಂದು ಪದಕ್ಕಾಗಿ ನಾನು ಎರಡು ತಿಂಗಳು ಕಾದಿದ್ದೆ.

ಒಂದು ಸೂಚನೆ: ವಿಲನ್ ಮಾತು ಮೂರು ಸಾಲು ದಾಟಬಾರದು. ನಾಲ್ಕನೇ ಸಾಲಿಗೆ ಯಾರೋ ಒಬ್ಬರು ಬಾಣ ಬಿಟ್ಟಿರುತ್ತಾರೆ. ಚಿತ್ರ, ಸಂಗೀತ, ದನಿ ಬದಲಿಸುವ ಆಪ್ ಇವೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹೆಜ್ಜೆ 5: ಸೋಲುವ ದಾರಿ ತೆರೆದಿಡಿ

1999ರಲ್ಲಿ ಶುರುವಾದ ಎವರ್‌ಕ್ವೆಸ್ಟ್ ಅನ್ನುವ ಗೇಮ್‌ನಲ್ಲಿ ಕೆರಾಫಿರ್ಮ್ ಅನ್ನುವ ಡ್ರ್ಯಾಗನ್ ಮಲಗಿತ್ತು. ಕಾವಲಿಗೆ ನಾಲ್ವರು. ಅವರನ್ನು ಕೊಂದರೆ ಅದು ಏಳುತ್ತದೆ, ಒಂದು ಸರ್ವರ್‌ಗೆ, ಅಂದರೆ ಆ ಗೇಮ್ ಲೋಕದ ಒಂದು ಪ್ರತಿಗೆ, ಒಂದೇ ಸಲ. ಎದ್ದು ಸಿಕ್ಕವರನ್ನೆಲ್ಲ ಕೊಂದು ಹೋಗುವುದಕ್ಕೇ ಅದನ್ನು ಮಾಡಿದ್ದರು. ಅದನ್ನು ಕೊಲ್ಲುವುದು ಸಾಧ್ಯವೇ ಇಲ್ಲ ಅಂತ ಎಲ್ಲರ ನಂಬಿಕೆ. 2003ರ ನವೆಂಬರ್‌ನಲ್ಲಿ ರಾಲೋಸ್ ಜೆಕ್ ಸರ್ವರ್‌ನಲ್ಲಿ ನೂರೆಂಬತ್ತಕ್ಕೂ ಹೆಚ್ಚು ಜನ ಹಗೆ ಮರೆತು ಒಟ್ಟಾದರು. ಸಾಯುವುದು, ಎದ್ದು ಬರುವುದು, ಮತ್ತೆ ಹೊಡೆಯುವುದು. ಗಂಟೆಗಟ್ಟಲೆ ಹೀಗೇ. ಅದರ ಜೀವ ಕಾಲು ಭಾಗಕ್ಕೆ ಇಳಿದಿತ್ತು. ಅಷ್ಟರಲ್ಲಿ ಡ್ರ್ಯಾಗನ್ ಮಾಯ! ಗೇಮ್ ನಡೆಸುವವರೇ ಅದನ್ನು ತೆಗೆದುಬಿಟ್ಟಿದ್ದರು.

ಆಟಗಾರರು ಕೆರಳಿದರು. ಕಂಪನಿ ತಪ್ಪು ಒಪ್ಪಿಕೊಂಡು ಇನ್ನೊಂದು ಅವಕಾಶ ಕೊಟ್ಟಿತು. ಎರಡನೇ ಸಲ ಕೊಂದೇಬಿಟ್ಟರು.

ನಿಮ್ಮ ವಿಲನ್‌ಗೆ ಜೀವ ಇಷ್ಟು ಅಂತ ಅಂಕಿ ಬರೆದಿದ್ದರೆ ಅವನು ಸಾಯಬಹುದು. ದಾಳ ಹಾಗೆ ಬಿದ್ದರೆ ಬೀಳಲಿ, ಮುಂದಿನ ವಾರಕ್ಕೆ ಬೇರೆ ಕಥೆ ಹುಡುಕಿ. ಅವನನ್ನು ಉಳಿಸಲು ನೀವು ಮರೆಯಲ್ಲಿ ಅಂಕಿ ತಿದ್ದಿದರೆ ಆಟಗಾರರಿಗೆ ವಾಸನೆ ಬಂದೇ ಬರುತ್ತದೆ. ಆಗ ಸಿಟ್ಟು ವಿಲನ್ ಮೇಲಲ್ಲ, ನಿಮ್ಮ ಮೇಲೆ. ಅವನು ತಪ್ಪಿಸಿಕೊಳ್ಳಬೇಕಾದರೆ ಮೊದಲೇ ಒಂದು ಕುದುರೆ ಕಟ್ಟಿಟ್ಟಿರಿ, ಆ ಕುದುರೆ ಆಟಗಾರರಿಗೆ ಕಾಣುವಂತಿರಲಿ.

ಹೆಜ್ಜೆ 6: ಕೊನೆಯ ಭೇಟಿ

ಲಿಚ್ ಕಿಂಗ್‌ನ ಜೀವ ಶೇಕಡಾ 10ಕ್ಕೆ ಇಳಿದಾಗ ಅವನು ಒಂದೇ ಏಟಿಗೆ ಎಲ್ಲ ಆಟಗಾರರನ್ನೂ ಕೊಂದುಬಿಡುತ್ತಾನೆ. ಮೊದಲ ಸಲ ನೋಡಿದವರು ಸೋತೆವು ಅಂದುಕೊಳ್ಳುತ್ತಾರೆ. ಆಮೇಲೆ ಅವನ ಕತ್ತಿ ಮುರಿಯುತ್ತದೆ. ಆ ಕತ್ತಿಯೊಳಗೆ ಸಿಕ್ಕಿಕೊಂಡಿದ್ದ ಅವನ ತಂದೆಯ ಆತ್ಮ ಹೊರಬಂದು ನಮ್ಮನ್ನು ಎಬ್ಬಿಸುತ್ತದೆ. ಅದೇ ಕತ್ತಿಯಿಂದ ಮಗನೇ ಕೊಂದಿದ್ದ ತಂದೆ. ಕೊನೆಗೆ ಮಗ ಸಾಯುವುದು ಆ ತಂದೆಯ ತೋಳಿನಲ್ಲಿ. ಹೊಸದಾಗಿ ಏನನ್ನೂ ತಂದಿಲ್ಲ ನೋಡಿ, ಮೊದಲೇ ಇದ್ದ ಕತ್ತಿ, ಮೊದಲೇ ಇದ್ದ ಅಪ್ಪ.

ಕೊನೆಯ ದೃಶ್ಯಕ್ಕೆ ಮೊದಲು ನಿಮ್ಮ ಹಳೆಯ ಟಿಪ್ಪಣಿ ತೆಗೆದು ಓದಿ. ಬೇಕಾದದ್ದು ಅಲ್ಲೇ ಎಲ್ಲೋ ಬಿದ್ದಿರುತ್ತದೆ. ನಾನಂತೂ ಓದಿರಲಿಲ್ಲ. ಬೆಂಕಿ, ಕುಸಿಯುವ ಛಾವಣಿ, ಎಲ್ಲ ತಯಾರಿ ಮಾಡಿಕೊಂಡು ಕೂತಿದ್ದೆ.

ಅಷ್ಟು ಹೊತ್ತಿಗೆ ಶೇಷಪ್ಪ ಇಡೀ ಸೀಮೆಯ ಸುಂಕಾಧಿಕಾರಿ. ಕಾವಲುಗಾರರೆಲ್ಲ ಓಡಿಹೋಗಿದ್ದರು. ಕತ್ತಿ ಕುತ್ತಿಗೆ ಮೇಲಿತ್ತು. ಅವನು ಪುಸ್ತಕ ಮುಚ್ಚಿ, "ಏನಾಗಬೇಕಿತ್ತು ಸ್ವಾಮಿ?" ಅಂದ.

"ನಮ್ಮ ಕತ್ತೆ."

ಏನು ಹೇಳಬೇಕು ಅಂತ ತೋಚದೆ ಕೇಳಿಬಿಟ್ಟೆ: "ರಸೀತಿ ಇದೆಯಾ?"

ಹತ್ತು ಸೆಕೆಂಡ್ ಚಾಟ್ ಖಾಲಿ. ಆಮೇಲೆ ಒಬ್ಬರು ಅದನ್ನು ತಂದು ಹಾಕಿದರು. ಎಂಟು ತಿಂಗಳಿಗೂ ಮೊದಲು ನಾನೇ ಅವಸರದಲ್ಲಿ ಟೈಪ್ ಮಾಡಿದ್ದು, ಕಾಗುಣಿತದ ತಪ್ಪಿನ ಸಮೇತ. ಅವತ್ತೇ ಪಿನ್ ಮಾಡಿಟ್ಟಿದ್ದರಂತೆ.

ಶೇಷಪ್ಪ ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದ. "ಅವಧಿ ಮುಗಿದಿದೆ" ಅಂದ.

ನಾಲ್ವರೂ ಒಟ್ಟಿಗೆ ದಾಳ ಉರುಳಿಸಿದರು.