ಬಳೇಪೇಟೆ ಅಂಗಡಿ, ಊರೂರು ಜಾದೂ

ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ಅಟ್ಟದಿಂದ ಎರಡು ಟ್ರಂಕ್ ಇಳಿಸುತ್ತೇನೆ. ಅಲ್ಲಿಂದ ಯುಗಾದಿವರೆಗೆ ಊರೂರು ಸುತ್ತಾಟ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಶಾಲೆಗಳ ವಾರ್ಷಿಕೋತ್ಸವ, ಜಾತ್ರೆ. ಉಳಿದ ತಿಂಗಳು ಬೆಂಗಳೂರಿನ ಬಳೇಪೇಟೆಯಲ್ಲಿ, ಮಹಡಿ ಮೇಲಿನ ನನ್ನ ಪುಟ್ಟ ಅಂಗಡಿಯಲ್ಲಿ ಜಾದೂ ಸಾಮಾನು ಮಾರುತ್ತೇನೆ. ಊರು ಸುತ್ತದೇ ಇದ್ದಿದ್ದರೆ ಈ ಅಂಗಡಿ ನಡೆಸಲು ನನ್ನಿಂದ ಆಗುತ್ತಿರಲಿಲ್ಲ. ಯಾವ ಸಾಮಾನು ಎಲ್ಲಿ ಕೈಕೊಡುತ್ತದೆ ಅನ್ನೋದು ಗಲ್ಲಾದ ಮುಂದೆ ಕೂತರೆ ಗೊತ್ತಾಗೋದಿಲ್ಲ.

ಇಸ್ಪೀಟೆಲೆಯನ್ನೇ ತಗೊಳ್ಳಿ. ಬೆಂಗಳೂರಿನ ಹವೆಗೆ ನುಣ್ಣಗೆ ಜಾರುವ ಕಾಗದದ ಎಲೆಗಳು ಮಂಗಳೂರಿಗೆ ಹೋದರೆ ತೇವ ಕುಡಿದು ಒಂದಕ್ಕೊಂದು ಅಂಟುತ್ತವೆ. ಕಲಬುರಗಿಯ ಮಾರ್ಚ್ ಬಿಸಿಲಿಗೆ ಮೇಣ ಮೆತ್ತಗಾಗಿ ಬೆರಳಿಗೆ ಹತ್ತುತ್ತದೆ. ಕರ್ಚೀಫು ಮಾತ್ರ ಎಲ್ಲಿಗೆ ಹೋದರೂ ತೆಳು ರೇಷ್ಮೆಯದ್ದೇ ಆಗಬೇಕು. ಪಾಲಿಯೆಸ್ಟರ್ ಮುಷ್ಟಿಯೊಳಗೆ ಅಡಗಿ ಕೂರೋದಿಲ್ಲ, ಚಿಮ್ಮಿ ಹೊರಗೆ ಬರುತ್ತದೆ. ನೂರು ರೂಪಾಯಿ ಉಳಿಸಲು ಹೋಗಬೇಡಿ ಅಂತ ಪ್ರತಿ ಗಿರಾಕಿಗೂ ಹೇಳುತ್ತೇನೆ.

ನನಗೆ ಜಾಸ್ತಿ ಪಾಠ ಕಲಿಸಿದ್ದು ನೋಟು ಮಾಯವಾಗುವ ಮರದ ಪೆಟ್ಟಿಗೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ನನ್ನ ಹತ್ತಿರ ಅಂಥ 40 ಪೆಟ್ಟಿಗೆಗಳಿದ್ದವು. ಎಲ್ಲವೂ ಹಳೇ 500ರ ಅಳತೆಗೆ ಮಾಡಿಸಿದ್ದು, 167 ಮಿಲಿಮೀಟರ್ ಉದ್ದ, 73 ಅಗಲ. ಹೊಸ 500 ಬಂದಿದ್ದು 150 ಉದ್ದ, 66 ಅಗಲ. ಹಾಕಿ ನೋಡಿದೆ, ನೋಟು ಒಳಗೆ ಹೋಯಿತು. ಸಾಕು ಅಂದುಕೊಂಡು ತುಮಕೂರು ಕಡೆಯ ಒಂದು ಶಾಲೆಗೆ ಹೊರಟೆ. ಅಲ್ಲಿ ಮೇಷ್ಟ್ರ ನೋಟು ತಗೊಂಡು ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ, ಸಡಿಲವಾಗಿದ್ದ ನೋಟು ಒಳಗೇ ಜಾರಿ ಮೂಲೆಯೊಂದು ಇಣುಕಿತು. ಮೊದಲ ಸಾಲಿನ ಹುಡುಗಿ ಎದ್ದು ನಿಂತು, “ಸಾರ್, ಅಲ್ಲೇ ಇದೆ!” ಅಂದಳು.

“ಹೌದು ಪುಟ್ಟಿ, ಅಲ್ಲೇ ಇದೆ” ಅಂದೆ. ನೋಟನ್ನು ತೆಗೆದು ಅವಳ ಕೈಯಿಂದಲೇ ಮೇಷ್ಟ್ರಿಗೆ ಕೊಡಿಸಿದೆ. ಆಮೇಲೆ ಮೂಲೆಯಲ್ಲಿದ್ದ ತಂಬಿಗೆ ಎತ್ತಿಕೊಂಡೆ. ಆಟದ ಶುರುವಿನಲ್ಲೇ ಎಲ್ಲರೆದುರು ಅದನ್ನು ಬರಿದು ಮಾಡಿ ಇಟ್ಟಿದ್ದೆ. ಈಗ ಬಗ್ಗಿಸಿದರೆ ಮತ್ತೆ ನೀರು! ಮಕ್ಕಳು ನೋಟಿನ ವಿಷಯ ಮರೆತೇಬಿಟ್ಟರು. ಪಿ.ಸಿ. ಸರ್ಕಾರ್ ಅವರು ತಮ್ಮ ದೊಡ್ಡ ಪ್ರದರ್ಶನಗಳಲ್ಲಿ ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಇದನ್ನೇ ‘ವಾಟರ್ ಆಫ್ ಇಂಡಿಯಾ’ ಅಂತ ಮಾಡುತ್ತಿದ್ದರು. ಅಂದಿನಿಂದ ತಂಬಿಗೆ ಇಲ್ಲದೆ ನಾನು ಯಾವ ವೇದಿಕೆಯನ್ನೂ ಹತ್ತಿಲ್ಲ.

ಮರುದಿನವೇ ಬಡಗಿಗೆ ಹೊಸ ನೋಟು ಕೊಟ್ಟು, 40 ಪೆಟ್ಟಿಗೆಗಳಿಗೂ ಒಳಪಟ್ಟಿ ಬದಲಾಯಿಸಿದೆ. ಈಗ ಇನ್ನೊಂದು ಕಷ್ಟ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬರ್ತ್‌ಡೇ ಪಾರ್ಟಿಯಲ್ಲಿ “ಯಾರಾದರೂ ಒಂದು ನೋಟು ಕೊಡಿ” ಅಂದರೆ ಎಲ್ಲರೂ ಫೋನ್ ತೆಗೆಯುತ್ತಾರೆ. ಅಲ್ಲಿಗೆ ಉಂಗುರದ ಆಟವೇ ಸರಿ. ಜಾತ್ರೆಯಲ್ಲಿ ಇವತ್ತಿಗೂ ನೋಟಿನ ಆಟಕ್ಕೇ ಚಪ್ಪಾಳೆ ಜಾಸ್ತಿ.

ಒಬ್ಬರು ಬಂದು ವಿಭೂತಿ ಬರಿಸೋ ಸಾಮಾನು ಕೇಳಿದ್ದರು. ಯಾವ ವೇದಿಕೆಗೆ ಅಂತ ಕೇಳಿದೆ. ವೇದಿಕೆಗಲ್ಲ, ಮನೆಗೆ ಬರೋ ಭಕ್ತರಿಗೆ ಅಂದರು. ಕೊಡಲಿಲ್ಲ. ಇದು ಕೈಚಳಕ ಅಂತ ಹೇಳಿ ಮಾಡುವವರಿಗೆ ಮಾತ್ರ ನನ್ನ ಅಂಗಡಿ.

ಇನ್ನೊಂದು ಕಟ್ಟುನಿಟ್ಟು ಉಂಟು. ತಗೊಂಡ ಆಟವನ್ನು ಕನ್ನಡಿ ಮುಂದೆ ಮೂರು ಸಲ ಮಾಡಿ ತೋರಿಸಿದ ಮೇಲೆಯೇ ಸಾಮಾನು ಪೊಟ್ಟಣ ಕಟ್ಟುವುದು. ಹೋದ ಮಳೆಗಾಲದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಅವರಪ್ಪನ ಜೊತೆ ಬಂದು ಮೂರು ಬಟ್ಟಲಿನ ಆಟ ಆರಿಸಿಕೊಂಡ. ಚನ್ನಪಟ್ಟಣದಲ್ಲಿ ಕಡೆಸಿ ಅರಗಿನ ಬಣ್ಣ ಹಾಕಿಸಿದ ಬಟ್ಟಲು, ಬಟ್ಟೆಯ ಚೆಂಡು. ಅವನ ಬೆರಳು ಚುರುಕಾಗಿದ್ದವು. ಆದರೆ ಚೆಂಡು ಅಡಗಿಸಿಟ್ಟ ಕೈಯನ್ನೇ ನೋಡುತ್ತಿದ್ದ. “ಮರಿ, ನೀನು ಎಲ್ಲಿ ನೋಡ್ತೀಯೋ ಜನಾನೂ ಅಲ್ಲೇ ನೋಡ್ತಾರೆ. ಖಾಲಿ ಕೈಯಲ್ಲೇ ಚೆಂಡಿದೆ ಅಂತ ನೀನೇ ನಂಬು, ಅದನ್ನೇ ನೋಡು” ಅಂದೆ. ಒಂದು ಗಂಟೆ ಆಯಿತು. ಅವರಪ್ಪ ಗಡಿಯಾರ ನೋಡುತ್ತಿದ್ದರು, ಹುಡುಗ ನೋಡಲಿಲ್ಲ.

ಮೂರು ವಾರ ಬಿಟ್ಟು ಮತ್ತೆ ಬಂದ. ನನ್ನನ್ನು ಸ್ಟೂಲ್ ಮೇಲೆ ಕೂರಿಸಿ, ಗಲ್ಲಾದ ಮೇಲೆ ಬಟ್ಟಲು ಜೋಡಿಸಿದ. ಚೆಂಡು ಯಾವ ಕೈಯಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಅವನು ಎಡಗೈ ನೋಡಿದ ಕೂಡಲೇ ನನ್ನ ಕಣ್ಣೂ ಎಡಗೈಗೆ ಹೋಯಿತು. ಅಟ್ಟದ ಮೇಲಿನ ಡಬ್ಬಿಯಿಂದ ಹಿತ್ತಾಳೆ ತಂಬಿಗೆ ಇಳಿಸಿ, ಉಜ್ಜಿ, ನೀರು ತುಂಬಿಸಿ ಅವನ ಕೈಗಿಟ್ಟೆ.