ರಸ್ತೆ ಟೈರಿನಲ್ಲೇ ಆಟೋಕ್ರಾಸ್: ಗಾಳಿಯ ಒತ್ತಡ ಹೊಂದಿಸುವ ಬಗೆ

ದಿನಬಳಕೆಯ ಕಾರನ್ನು ಅದರ ಸಾಮಾನ್ಯ ಟೈರುಗಳಲ್ಲೇ ಆಟೋಕ್ರಾಸ್‌ಗೆ (ಗುರುತು ಹಾಕಿದ ಸಣ್ಣ ಟ್ರ್ಯಾಕಿನಲ್ಲಿ ಸಮಯ ನೋಡಿ ಓಡಿಸುವ ಸ್ಪರ್ಧೆಗೆ) ಇಳಿಸುವ ಹವ್ಯಾಸಿಗೆ, ಹೆಚ್ಚು ಖರ್ಚಿಲ್ಲದೆ ಕಾರಿನ ಹಿಡಿತವನ್ನು ತಿದ್ದಿಕೊಳ್ಳಲು ಇರುವ ಅತ್ಯುತ್ತಮ ದಾರಿ ಟೈರಿನ ಗಾಳಿ. ಎಲ್ಲ ಕಾರಿಗೂ ಹೊಂದುವ ಅಂಕಿಯೊಂದಿಲ್ಲ. ಪಕ್ಕದ ಚಾಲಕನು ಹೇಳಿದ ಅಂಕಿಗಿಂತ ನಿಮ್ಮ ಟೈರಿನ ಅಂಚು ತೋರಿಸುವ ಗುರುತನ್ನೇ ನಂಬಬೇಕು.

ಮೊದಲು ಗಾಳಿಯ ಒತ್ತಡ ಅಳೆಯುವ ಸ್ವಂತ ಗೇಜ್ ಇಟ್ಟುಕೊಳ್ಳಿ. ಪೆಟ್ರೋಲ್ ಬಂಕಿನ ಅಂಕಿಗೂ ಪಂಕ್ಚರ್ ಅಂಗಡಿಯ ಅಂಕಿಗೂ ತಾಳೆಯಾಗದಿರುವುದು ಸಾಮಾನ್ಯವಾದ್ದರಿಂದ, ಒಂದೇ ಗೇಜಿನಲ್ಲಿ ಅಳೆದು ಬರೆದಿಟ್ಟರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ನಮೂದಾಗಿರುವ, ಟೈರು ತಣ್ಣಗಿರುವಾಗಿನ ಒತ್ತಡವೇ ನಮ್ಮ ಆರಂಭ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಎಂದಿಗೂ ದಾಟಬಾರದು.

ಡಾಂಬರು ಅಥವಾ ಕಾಂಕ್ರೀಟ್ ನೆಲದ ಬಿಗಿ ತಿರುವಿನಲ್ಲಿ ರಸ್ತೆ ಟೈರಿನ ಮೆದುವಾದ ಪಕ್ಕೆ ಮಡಚಿಕೊಂಡು, ಟ್ರೆಡ್ಡಿನ (ನೆಲಕ್ಕೆ ತಾಗುವ, ಗೀರುಗಳಿರುವ ಭಾಗದ) ಅಂಚನ್ನೂ ಮೀರಿ ನೆಲಕ್ಕೆ ಉಜ್ಜುತ್ತದೆ. ಎಂಜಿನ್ನಿನ ಭಾರ, ಎಳೆತ, ತಿರುವು ಮೂರನ್ನೂ ಮುಂದಿನ ಚಕ್ರಗಳೇ ಹೊರುವ ಸಣ್ಣ ಹ್ಯಾಚ್‌ಬ್ಯಾಕುಗಳಲ್ಲಿ ಇದು ಹೆಚ್ಚು. ಹಾಗಾಗಿ ಮುಂದಿನ ಟೈರುಗಳಿಗೆ ಚೀಟಿಯ ಅಂಕಿಗಿಂತ 4ರಿಂದ 6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ತುಂಬಿ, ಹಿಂದಿನವನ್ನು ಚೀಟಿಯ ಮಟ್ಟದಲ್ಲೇ ಇಟ್ಟು ಆರಂಭಿಸುವುದು ಸೂಕ್ತ.

ಅನಂತರ ಪ್ರತಿ ಟೈರಿನ ಮೂರು ಕಡೆ, ಟ್ರೆಡ್ಡಿನ ಅಂಚಿನಿಂದ ಪಕ್ಕೆಯವರೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅನೇಕ ಟೈರುಗಳ ಭುಜದಲ್ಲಿ, ಅಂದರೆ ಟ್ರೆಡ್ಡು ಪಕ್ಕೆಯನ್ನು ಸೇರುವಲ್ಲಿ, ಚಿಕ್ಕ ತ್ರಿಕೋನದ ಗುರುತೂ ಇರುತ್ತದೆ. ಒಂದು ಸುತ್ತು ಮುಗಿದಾಗ ಗೆರೆಯು ತ್ರಿಕೋನವನ್ನು ದಾಟಿ ಪಕ್ಕೆಯವರೆಗೂ ಅಳಿಸಿದ್ದರೆ 2 ಪಿಎಸ್‌ಐ ಸೇರಿಸಿ. ಟ್ರೆಡ್ಡಿನ ಹೊರ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ 1 ಅಥವಾ 2 ಇಳಿಸಿ. ತ್ರಿಕೋನದ ಹತ್ತಿರ ಅಳಿಸುವುದು ನಿಂತರೆ ಒತ್ತಡ ಸರಿಯಿದೆ. ಆಗಿನ ಬಿಸಿ ಒತ್ತಡವನ್ನು ಕೂಡಲೇ ಬರೆದುಕೊಳ್ಳಿ, ಏಕೆಂದರೆ ದಿನವಿಡೀ ಕಾಯ್ದುಕೊಳ್ಳಬೇಕಾದದ್ದು ಅದನ್ನೇ.

ಕಾಯ್ದುಕೊಳ್ಳುವುದಕ್ಕೆ ಮಲೆನಾಡಿನಲ್ಲಿ ವಿಶೇಷ ಎಚ್ಚರ ಬೇಕು. ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಜನವರಿಯಲ್ಲಿ ಬೆಳಗಿನ 15 ಡಿಗ್ರಿಯ ಚಳಿಯಲ್ಲಿ 32 ತುಂಬಿದ ಟೈರು, ಮಧ್ಯಾಹ್ನದ 30 ಡಿಗ್ರಿಯಲ್ಲಿ ಕಾರು ಓಡದೆಯೇ 34ನ್ನು ದಾಟಿರುತ್ತದೆ. ಬಿಸಿಲಿಗೆ ಮುಖಮಾಡಿದ ಬದಿಯದು ಇನ್ನೂ ಹೆಚ್ಚು. ಆದ್ದರಿಂದ ಪ್ರತಿ ಸುತ್ತಿನ ಬಳಿಕ ಅಳೆದು, ಏರಿದಷ್ಟು ಗಾಳಿಯನ್ನು ಹೊರಬಿಡಬೇಕು. ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಮಂಗಳೂರಿನಲ್ಲಿ ತುಂಬಿಸಿ ಚಿಕ್ಕಮಗಳೂರಿಗೆ ಹತ್ತಿದರೆ, ಹೊರಗಿನ ವಾಯುಭಾರ ಕಡಿಮೆಯಾಗುವುದರಿಂದ ಅದೇ ಉಷ್ಣತೆಯಲ್ಲೂ ಗೇಜು ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ ಹೆಚ್ಚು ತೋರಿಸುತ್ತದೆ.

ಹಿಂದಿನ ಟೈರುಗಳನ್ನು ಕಾರಿನ ಸಮತೋಲ ತಿದ್ದಲು ಬಳಸಿ. ಸ್ಟಿಯರಿಂಗ್ ತಿರುಗಿಸಿದರೂ ಕಾರಿನ ಮೂತಿ ಹೊರಕ್ಕೇ ಜಾರುತ್ತಿದ್ದರೆ ಹಿಂದಕ್ಕೆ 2 ಪಿಎಸ್‌ಐ ಸೇರಿಸಿ ನೋಡಿ. ಹಿಂಭಾಗ ತೀರ ಸಡಿಲವಾಗಿ ಬೀಸಿದರೆ ಇಳಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನೆಲ ಒದ್ದೆಯಾಗಿದ್ದಾಗ ಟೈರಿನ ಮೇಲಿನ ಒತ್ತಾಯವೂ ಕಡಿಮೆ, ಆದ್ದರಿಂದ ಹೆಚ್ಚುವರಿ ಗಾಳಿ ಅಷ್ಟು ಬೇಕಾಗದು.

ತೀರ್ಥಹಳ್ಳಿ, ಸಾಗರದ ಕಡೆಯಂಥ ಜಂಬಿಟ್ಟಿಗೆ ನೆಲದ ಮಣ್ಣಿನ ಟ್ರ್ಯಾಕಿನಲ್ಲಿ ಸೀಮೆಸುಣ್ಣದ ಲೆಕ್ಕ ನಡೆಯುವುದಿಲ್ಲ. ಸಡಿಲ ಮಣ್ಣಿನಲ್ಲಿ ಕಡಿಮೆ ಗಾಳಿಯಿಂದ ಹಿಡಿತ ಹೆಚ್ಚುವುದು ನಿಜವಾದರೂ, ರಸ್ತೆ ಟೈರಿನ ತೆಳು ಪಕ್ಕೆಯು ಕಲ್ಲು ಮತ್ತು ರಿಮ್ಮಿನ ನಡುವೆ ಸಿಕ್ಕಿ ಸೀಳುವ ಅಪಾಯವಿರುವುದರಿಂದ, ಚೀಟಿಯ ಅಂಕಿಗಿಂತ ಕೆಳಗಿಳಿಯಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಆಟ ಮುಗಿದ ಮೇಲೆ, ಟೈರು ಬಿಸಿಯಿರುವಾಗಲೇ ಗಾಳಿಯನ್ನು ಚೀಟಿಯ ಮಟ್ಟಕ್ಕೆ ಇಳಿಸಿದರೆ ತಣಿದಾಗ ಅದು ಅದಕ್ಕಿಂತಲೂ ಕೆಳಗಿರುತ್ತದೆ. ಆಗುಂಬೆಯಂಥ ಘಾಟಿ ಇಳಿಯುವ ಮುನ್ನ ಟೈರು ಪೂರ್ತಿ ತಣಿಯಲು ಬಿಟ್ಟು, ನಾಲ್ಕನ್ನೂ ಅದೇ ಗೇಜಿನಲ್ಲಿ ಅಳೆದು ಸರಿಪಡಿಸಿಕೊಂಡು ಹೊರಡಿ.